ಅರಿವಿನ ವಿಜ್ಞಾನದ ಮೊದಲ ಪಾಠ

ಮನಸ್ಸು ಅರಿಯುವ ಬಗೆಯನ್ನು ವಿಚಾರಿಸುವ ಶಾಸ್ತ್ರಕ್ಕೆ ಅರಿವಿನ ವಿಜ್ಞಾನವೆಂದು ಹೆಸರು. ವಿಶ್ವವಿದ್ಯಾಲಯದಲ್ಲಿ ಇದರ ಪ್ರವೇಶ ತರಗತಿಗೆ ಸೇರುವವರು ಬರಿಯ ಮನಶ್ಶಾಸ್ತ್ರವನ್ನು ನಿರೀಕ್ಷಿಸಬಾರದು. ಭಾಷಾಶಾಸ್ತ್ರ, ತತ್ತ್ವಶಾಸ್ತ್ರ, ಮಿದುಳಿನ ಅಧ್ಯಯನ, ಗಣಕಶಾಸ್ತ್ರ, ಮಾನವಶಾಸ್ತ್ರಗಳೂ ಅಲ್ಲಿ ಕೂಡುತ್ತವೆ.

ಆರಂಭದಲ್ಲೇ ಎದುರಾಗುವ ಹೆಸರುಗಳಲ್ಲೊಂದು ಅಮೆರಿಕದ ಜಾರ್ಜ್ ಮಿಲ್ಲರರದು. ಒಮ್ಮೆಗೆ ಸುಮಾರು ಏಳು ಘಟಕಗಳನ್ನಷ್ಟೇ ಮನಸ್ಸು ಹಿಡಿದಿಡಬಲ್ಲುದೆಂದು ಅವರು 1956ರಲ್ಲಿ ಬರೆದರು. ನೆಲ್ಸನ್ ಕೋವನ್ 2001ರಲ್ಲಿ ಅದು ನಾಲ್ಕರಷ್ಟೇ ಎಂದರು. ಆದರೆ ಘಟಕವು ಅಕ್ಷರವೂ ಆಗಬಹುದು, ಇಡೀ ಪದವೂ ಆಗಬಹುದು. 'ಮ-ರ-ದ-ಮೇ-ಲೆ' ಎಂದು ಬಿಡಿಬಿಡಿಯಾಗಿ ಓದುವ ಮಗುವಿನ ಮನಸ್ಸು ಐದು ಅಕ್ಷರಗಳಿಂದಲೇ ತುಂಬಿ, ಅರ್ಥಕ್ಕೆ ಎಡೆಯುಳಿಯದು. ಪದವಾಗಿ ಓದುವ ಮಗುವಿಗೆ ಅವು ಎರಡೇ ಘಟಕ.

ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿಯಿರುವ ನಮ್ಮ ಗಡಿನಾಡಿನಲ್ಲಿ, ತಡವರಿಸುವ ಮಗುವನ್ನು ಮಂದಮತಿಯೆನ್ನುವ ಮುನ್ನ ನಾವು ಇದನ್ನು ನೆನೆಯಬೇಕು. ಕೊರತೆ ಬುದ್ಧಿಯದಲ್ಲದೆ ರೂಢಿಯದಿರಬಹುದು.