ಎರಡು ಕಿವಿಗಳ ನಡುವೆ ಹುಟ್ಟುವ ನಾದ

ಪರೀಕ್ಷೆಗಳು ಹತ್ತಿರ ಬಂದಂತೆಲ್ಲ ನಮ್ಮ ವಿದ್ಯಾರ್ಥಿನಿಲಯದಲ್ಲಿ ಬಗೆಬಗೆಯ ಉಪಾಯಗಳು ತಲೆಯೆತ್ತುವುದು ವಾಡಿಕೆ. ಒಬ್ಬನು ಬೆಳಗಿನ ಜಾವ ನಾಲ್ಕಕ್ಕೆದ್ದು ತಣ್ಣೀರು ಸುರಿದುಕೊಳ್ಳುತ್ತಾನೆ. ಇನ್ನೊಬ್ಬನು ಜ್ಞಾಪಕಶಕ್ತಿಗೆಂದು ಒಂದೆಲಗದ ಎಲೆ ಅಗಿಯುತ್ತಾನೆ. ಮತ್ತೊಬ್ಬನು ಊರ ದೇವರಿಗೆ ಹರಕೆ ಹೊರುತ್ತಾನೆ. ಕಳೆದ ವರ್ಷ ಈ ಸಾಲಿಗೆ ಹೊಸದೊಂದು ಸೇರಿತು. ನನ್ನ ಕೊಠಡಿಯ ಮಿತ್ರನು ಮೊಬೈಲಿಗೆ ಇಯರ್‌ಫೋನು ಸಿಕ್ಕಿಸಿ, ಕಣ್ಣುಮುಚ್ಚಿ, ‘ಗುಂಯ್’ ಎನ್ನುವ ಒಂದೇ ಬಗೆಯ ಸದ್ದನ್ನು ಗಂಟೆಗಟ್ಟಲೆ ಕೇಳತೊಡಗಿದನು. ಏನೆಂದು ವಿಚಾರಿಸಿದರೆ, “ಇದು ಬೈನಾರಲ್ ಬೀಟ್ಸ್ ಕಣಯ್ಯ. ಒಂದು ನಮೂನೆ ಕೇಳಿದರೆ ಮನಸ್ಸು ಓದಿನಲ್ಲಿ ನಿಲ್ಲುತ್ತೆ, ಇನ್ನೊಂದು ನಮೂನೆ ಕೇಳಿದರೆ ನಿದ್ದೆ ಬರುತ್ತೆ” ಎಂದನು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಪಾಸಾದರೆ ಊರಿಗೆ ಹೋಗಿ ಹೇಳಲು ಬಾಯಿಲ್ಲ. ಆದುದರಿಂದ ವಿದ್ಯಾರ್ಥಿವೇತನದ ಹಣದಲ್ಲಿ ಮುನ್ನೂರು ರೂಪಾಯಿ ತೆತ್ತು ನಾನೂ ಅಂಥದೊಂದು ಆ್ಯಪಿಗೆ ಚಂದಾದಾರನಾದೆನು. ಹಣ ಕೊಟ್ಟ ಮೇಲೆ, ಕೊಂಡ ವಸ್ತು ಯಾವುದೆಂದು ತಿಳಿಯುವ ಆಸೆ ಹುಟ್ಟಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಮನಃಶಾಸ್ತ್ರವನ್ನು ಓದುತ್ತಿರುವವನು. ಆದರೂ ಓದಿ ಕೇಳಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ‘ಬೀಟ್’ ಎಂದರೇನೆಂಬುದನ್ನು ನೋಡೋಣ. ನಮ್ಮೂರ ಭಜನೆಮನೆಯಲ್ಲಿ ಹಳೆಯದೊಂದು ಹಾರ್ಮೋನಿಯಂ ಇದೆ. ಅದರಲ್ಲಿ ಒಂದೊಂದು ಮನೆಗೂ ಎರಡೆರಡು ರೀಡುಗಳು. ಎರಡೂ ಸರಿಯಾಗಿ ಹೊಂದಿದ್ದರೆ ಸ್ವರವು ನೇರವಾಗಿ ನಿಲ್ಲುತ್ತದೆ. ಒಂದು ರೀಡು ತುಸು ಇಳಿದಿದ್ದರೆ ಸ್ವರವು ‘ವೊಂಯ್ – ವೊಂಯ್’ ಎಂದು ಅಲೆಅಲೆಯಾಗಿ ಏರಿಳಿಯುತ್ತದೆ. ತಂಬೂರಿ ಶ್ರುತಿ ಮಾಡುವವರು ಈ ಅಲೆಯನ್ನೇ ಕಿವಿಗೊಟ್ಟು ಕೇಳುತ್ತಾರೆ. ಅಲೆ ನಿಧಾನವಾಗುತ್ತ ನಿಂತುಹೋದಾಗ ತಂತಿಗಳು ಕೂಡಿದುವೆಂದು ತಿಳಿಯುತ್ತಾರೆ. ಇದಕ್ಕೆ ಕಾರಣ ಸರಳವಾದದ್ದು. ಶಬ್ದವೆಂಬುದು ಗಾಳಿಯಲ್ಲಿ ಹರಿಯುವ ಅಲೆ. ಒಂದು ಸ್ವರ ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಕಂಪಿಸುತ್ತಿದ್ದರೆ, ಎರಡರ ಉಬ್ಬುಗಳು ಒಮ್ಮೆ ಒಟ್ಟಿಗೆ ಬಂದು ಸದ್ದು ಹೆಚ್ಚುತ್ತದೆ. ಮರುಗಳಿಗೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಸದ್ದು ಕುಗ್ಗುತ್ತದೆ. ಹೀಗೆ ಸೆಕೆಂಡಿಗೆ ಮೂರು ಸಲ ಆಗುತ್ತದೆ. ಅಂದರೆ ಎರಡು ಕಂಪನಸಂಖ್ಯೆಗಳ ವ್ಯತ್ಯಾಸವೇ ಮಿಡಿತದ ಸಂಖ್ಯೆ.

ಈ ಮಿಡಿತವು ಗಾಳಿಯಲ್ಲಿ ಹುಟ್ಟುವಂಥದು. ಆದರೆ ಎರಡು ಅಲೆಗಳೂ ಗಾಳಿಯಲ್ಲಿ ಸೇರದಂತೆ ತಡೆದು, ಒಂದನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಬೇರೆಬೇರೆಯಾಗಿ ಕೊಟ್ಟರೆ ಏನಾದೀತು? ಕೂಡುವುದಕ್ಕೆ ಅವಕಾಶವೇ ಇಲ್ಲದ ಮೇಲೆ ಮಿಡಿತ ಕೇಳಿಸಬಾರದಷ್ಟೆ. ಆದರೂ ಕೇಳಿಸುತ್ತದೆ! ಇದನ್ನು ಮೊದಲಿಗೆ ಗಮನಿಸಿ ತಿಳಿಸಿದವನು ಪ್ರಷ್ಯ ದೇಶದ ಭೌತವಿಜ್ಞಾನಿ ಹೈನ್‌ರಿಖ್ ವಿಲ್‌ಹೆಲ್ಮ್ ಡೋವೆ (1803–1879). ಕಾಲವು 1840ರ ಆಸುಪಾಸು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಇದು ಪ್ರಯೋಗಶಾಲೆಯ ಒಂದು ಕೌತುಕವಾಗಿಯೇ ಉಳಿದಿತ್ತು. 1973ರಲ್ಲಿ ಜೆರಾಲ್ಡ್ ಆಸ್ಟರ್ ಎಂಬ ಜೀವಭೌತವಿಜ್ಞಾನಿಯು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದ ಲೇಖನದಿಂದ ಮತ್ತೆ ಜನರ ಗಮನ ಇತ್ತ ಹರಿಯಿತು.

ಗಾಳಿಯಲ್ಲಿ ಹುಟ್ಟದ ಮಿಡಿತ ಎಲ್ಲಿ ಹುಟ್ಟಿತು? ಮೆದುಳಿನಲ್ಲಿ. ಮೆದುಳಿನ ಕಾಂಡಭಾಗದಲ್ಲಿ ಎರಡು ಕಿವಿಗಳಿಂದ ಬಂದ ನರಸಂದೇಶಗಳು ಮೊದಲು ಸಂಧಿಸುವ ಒಂದು ಎಡೆಯುಂಟು. ಅದಕ್ಕೆ ಸುಪೀರಿಯರ್ ಆಲಿವ್ ಎಂದು ಹೆಸರು. ಅದರ ನಿತ್ಯದ ಕೆಲಸವೆಂದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಂಡುಹಿಡಿಯಲು ನೆರವಾಗುವುದು. ಎಡಗಡೆಯಿಂದ ಯಾರಾದರೂ ಕೂಗಿದರೆ ಆ ಸದ್ದು ಎಡಗಿವಿಯನ್ನು ಒಂದಿಷ್ಟು ಮೊದಲು ಮುಟ್ಟುತ್ತದೆ. ಈ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನೂ ಮುಟ್ಟದು. ಆದರೂ ಅಲ್ಲಿನ ಜೀವಕೋಶಗಳು ಅದನ್ನು ಅಳೆಯಬಲ್ಲವು. ಒಂದು ಕಿವಿಗೆ 200, ಇನ್ನೊಂದಕ್ಕೆ 210 ಕಂಪನಗಳ ಸ್ವರವನ್ನು ಕೊಟ್ಟಾಗ, ಎರಡು ಅಲೆಗಳ ಅಂತರ ನಿಲ್ಲದೆ ಬದಲಾಗುತ್ತಿರುತ್ತದೆ. ಅದಕ್ಕೆ ತಕ್ಕಂತೆ ಆ ಕೋಶಗಳ ಚಟುವಟಿಕೆ ಸೆಕೆಂಡಿಗೆ ಹತ್ತು ಸಲ ಏರಿಳಿಯುತ್ತದೆ. ಅದೇ ನಮಗೆ ಮಿಡಿತವಾಗಿ ತೋರುತ್ತದೆ.

ಇದರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಒಂದು, ಇಯರ್‌ಫೋನು ಬೇಕೇಬೇಕು. ಸ್ಪೀಕರಿನಲ್ಲಿ ಹಾಕಿದರೆ ಎರಡು ಸ್ವರಗಳೂ ಗಾಳಿಯಲ್ಲೇ ಬೆರೆತು ಹಾರ್ಮೋನಿಯಂ ಮಿಡಿತವಾಗುತ್ತದೆ. ಎರಡು, ಸ್ವರ ತಗ್ಗಿನದಾಗಿರಬೇಕು. ಕಂಪನಗಳು ಸೆಕೆಂಡಿಗೆ ಸಾವಿರವನ್ನು ಮೀರುತ್ತ ಹೋದಂತೆ ನರಗಳಿಗೆ ಅಲೆಯ ಹೆಜ್ಜೆಯನ್ನು ಹಿಡಿಯುವುದು ಕಷ್ಟವಾಗಿ ಮಿಡಿತ ಮಾಯವಾಗುತ್ತದೆ. ಮೂರು, ವ್ಯತ್ಯಾಸವು ಸುಮಾರು 30ಕ್ಕಿಂತ ಕಡಿಮೆಯಿರಬೇಕು. ನಾಲ್ಕು, ಎರಡು ಕಿವಿಗಳೂ ಕೇಳುವಂತಿರಬೇಕು. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ನಿದ್ದೆ, ಏಕಾಗ್ರತೆಗಳ ಮಾತು ಎಲ್ಲಿಂದ ಬಂತು? ಜರ್ಮನಿಯ ವೈದ್ಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲೆ ಮಾಡಿ 1929ರಲ್ಲಿ ಪ್ರಕಟಿಸಿದನು. ಗಾಢನಿದ್ರೆಯಲ್ಲಿ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆಯ ಡೆಲ್ಟಾ ಅಲೆಗಳೂ, ತೂಕಡಿಕೆಯಲ್ಲಿ 4ರಿಂದ 8ರ ಥೀಟಾ ಅಲೆಗಳೂ, ಕಣ್ಣುಮುಚ್ಚಿ ನಿರಾಳವಾಗಿರುವಾಗ 8ರಿಂದ 13ರ ಆಲ್ಫಾ ಅಲೆಗಳೂ, ಎಚ್ಚರದ ಕೆಲಸದಲ್ಲಿ ಅದಕ್ಕೂ ಮೇಲಿನ ಬೀಟಾ ಅಲೆಗಳೂ ಎದ್ದುಕಾಣುತ್ತವೆ. ಹಾಗಾದರೆ ಕಿವಿಯ ಮೂಲಕ 10ರ ಮಿಡಿತವನ್ನು ಊಡಿದರೆ ಮೆದುಳೂ ಆ ತಾಳಕ್ಕೆ ಹೆಜ್ಜೆಯಿಟ್ಟು ನಿರಾಳವಾಗುವುದು, 3ರ ಮಿಡಿತ ಊಡಿದರೆ ನಿದ್ರಿಸುವುದು – ಇದೇ ಇದರ ಪ್ರಚಾರಕರ ವಾದ.

ವಾದ ಕೇಳಲು ಸೊಗಸಾಗಿದೆ. ಆದರೆ ಪರೀಕ್ಷೆಯಲ್ಲಿ ಅದು ಉತ್ತೀರ್ಣವಾಯಿತೆ? 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಕಾದಿದ್ದ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಈ ಮಿಡಿತವನ್ನು ಕೇಳಿದವರ ಆತಂಕವು ನೂರಕ್ಕೆ 26ರಷ್ಟು ಇಳಿಯಿತು. ಮಿಡಿತವಿಲ್ಲದ ಅದೇ ಧ್ವನಿಯನ್ನು ಕೇಳಿದವರಲ್ಲಿ 11ರಷ್ಟು, ಏನನ್ನೂ ಕೇಳದವರಲ್ಲಿ 4ರಷ್ಟು ಇಳಿಯಿತು. 2019ರಲ್ಲಿ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಆತಂಕ, ನೋವು, ಗಮನ, ನೆನಪುಗಳ ಮೇಲೆ ಮಧ್ಯಮ ಪ್ರಮಾಣದ ಪರಿಣಾಮ ಕಂಡರು. ಇದು ಒಂದು ಪಕ್ಷ.

ಇನ್ನೊಂದು ಪಕ್ಷವೂ ಉಂಟು. ಮೆದುಳು ನಿಜವಾಗಿ ತಾಳಕ್ಕೆ ಹೆಜ್ಜೆಯಿಡುತ್ತದೆಯೇ ಎಂದು ನೋಡಿದ 14 ಅಧ್ಯಯನಗಳನ್ನು 2023ರಲ್ಲಿ ಪರಿಶೀಲಿಸಿದಾಗ, 5 ಹೌದೆಂದವು, 8 ಇಲ್ಲವೆಂದವು, ಒಂದು ಎರಡನ್ನೂ ಹೇಳಿತು. 2020ರ ಒಂದು ಪ್ರಯೋಗದಲ್ಲಿ ಮೆದುಳು ಮಿಡಿತವನ್ನು ಅನುಸರಿಸಿದ್ದು ಕಂಡಿತಾದರೂ, ಗಾಳಿಯಲ್ಲಿ ಹುಟ್ಟುವ ಸಾಧಾರಣ ಮಿಡಿತವನ್ನೇ ಅದು ಇನ್ನೂ ಬಲವಾಗಿ ಅನುಸರಿಸಿತು. ಕೇಳಿದವರ ಮನಃಸ್ಥಿತಿ ಮಾತ್ರ ಎರಡರಿಂದಲೂ ಬದಲಾಗಲಿಲ್ಲ. ಓದುವ ಹುಡುಗರು ಮುಖ್ಯವಾಗಿ ಗಮನಿಸಬೇಕಾದುದು 2023ರ ಮತ್ತೊಂದು ಅಧ್ಯಯನ. ಅದರಲ್ಲಿ ಸಾವಿರ ಜನರು ಮನೆಯಲ್ಲಿಯೇ ಕುಳಿತು ಬುದ್ಧಿಪರೀಕ್ಷೆಯನ್ನು ಮಾಡಿದರು. ಇಕ್ಕಿವಿಯ ಮಿಡಿತ ಕೇಳಿದವರ ಫಲಿತಾಂಶ ಉತ್ತಮವಾಗುವುದಿರಲಿ, ಇಳಿದೇ ಹೋಯಿತು!

ಈಗ ನನ್ನ ಸ್ವಂತ ಪ್ರಯೋಗವನ್ನು ಹೇಳುತ್ತೇನೆ. ನಮ್ಮ ತಂದೆ ತೀರಿಕೊಂಡಂದಿನಿಂದ ಅವ್ವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ದೀಪಾವಳಿಯ ರಜೆಯಲ್ಲಿ ಊರಿಗೆ ಹೋದವನು, ದೀಪ ಆರಿಸಿ, ಆಕೆಯ ಕಿವಿಗಳಿಗೆ ಇಯರ್‌ಫೋನು ಇಟ್ಟು, ‘ನಿದ್ರೆಯ ಮಿಡಿತ’ವನ್ನು ಹಾಕಿ ಪಕ್ಕದಲ್ಲಿ ಕುಳಿತೆನು. ಅರ್ಧ ಗಂಟೆಯಲ್ಲಿ ಅವ್ವ ನಿದ್ದೆಹೋದಳು. ಮೂರು ರಾತ್ರಿಯೂ ಹೀಗೆಯೇ ಆಯಿತು. ಮುನ್ನೂರು ರೂಪಾಯಿ ಸಾರ್ಥಕವಾಯಿತೆಂದು ಹಿಗ್ಗಿದೆನು.

ನಾಲ್ಕನೆಯ ದಿನ ಕುತೂಹಲದಿಂದ, “ಅಲೆ ಅಲೆಯಾಗಿ ಕೇಳಿಸುತ್ತಾ ಅವ್ವ?” ಎಂದು ಕೇಳಿದೆನು. “ಇಲ್ಲ ಕಣಪ್ಪ, ಒಂದೇ ಸಮ ಗುಂಯ್ ಅಂತೈತೆ. ದೂರದಾಗೆ ಹಿಟ್ಟಿನ ಗಿರಣಿ ಓಡ್ದಂಗೆ” ಎಂದಳು. ನನಗೆ ಸಂಶಯ ಬಂತು. ಮೆಲ್ಲಗೆ ಎಡಗಿವಿಯದನ್ನು ತೆಗೆದೆನು. ಆಕೆಗೆ ಸದ್ದಿನಲ್ಲಿ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅದನ್ನು ಮತ್ತೆ ಇಟ್ಟು ಬಲಗಿವಿಯದನ್ನು ತೆಗೆದೆನು. “ಯಾಕಪ್ಪ ನಿಲ್ಲಿಸ್ಬುಟ್ಟೆ?” ಎಂದಳು. ಎಡಗಿವಿಯಲ್ಲಿ ಸ್ವರ ಇನ್ನೂ ಓಡುತ್ತಲೇ ಇತ್ತು.

“ಚಿಕ್ಕೋಳಿದ್ದಾಗಿಂದ ಸೋರ್ತಿತ್ತು. ಆಗ ಯಾರು ನೋಡೋರು? ಒಂದರಾಗೆ ಕೇಳಿಸ್ತೈತಲ್ಲ, ಸಾಕು ಬಿಡು” ಎಂದಳು ಅವ್ವ. ನಾನು ಮಾತನಾಡುವಾಗ ಆಕೆ ಮುಖವನ್ನು ತುಸು ಎಡಕ್ಕೆ ತಿರುಗಿಸಿಕೊಳ್ಳುವುದನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ಅದು ಆಕೆಯ ಅಭ್ಯಾಸವೆಂದುಕೊಂಡಿದ್ದೆನೇ ಹೊರತು, ಬಲಗಿವಿಯನ್ನು ನನ್ನೆಡೆಗೆ ತರುತ್ತಿದ್ದಾಳೆಂದು ಹೊಳೆದಿರಲಿಲ್ಲ. ಮನಃಶಾಸ್ತ್ರ ಓದುವವನಿಗೆ ಇದಕ್ಕಿಂತ ನಾಚಿಕೆ ಬೇಕೆ?

ಒಂದೇ ಕಿವಿಗೆ ಒಂದೇ ಸ್ವರ ಬಿದ್ದರೆ ಇಕ್ಕಿವಿಯ ಮಿಡಿತ ಹುಟ್ಟುವುದು ಸಾಧ್ಯವಿಲ್ಲವೆಂದು ಮೇಲೆಯೇ ಹೇಳಿದೆ. ಅಂದಮೇಲೆ ಅವ್ವನಿಗೆ ನಿದ್ದೆ ತಂದದ್ದು ಆ ಮಿಡಿತವಲ್ಲ. ಮತ್ತೇನು? ದೀಪ ಆರಿತ್ತು, ಮೈ ಚಾಚಿದ್ದಳು, ಒಂದೇ ಸಮನಾದ ಸದ್ದಿತ್ತು, ನಿದ್ದೆ ಬರುತ್ತದೆಂಬ ಮಗನ ಮಾತಿತ್ತು. ಔಷಧವಿಲ್ಲದ ಗುಳಿಗೆಯೂ ನಂಬಿದವನಿಗೆ ಒಂದಷ್ಟು ಗುಣ ಕೊಡುವುದುಂಟು; ಪುಸ್ತಕಗಳು ಇದನ್ನು ಪ್ಲಸೀಬೋ ಎನ್ನುತ್ತವೆ. ಅವ್ವನನ್ನು ಕೇಳಿದರೆ, “ನೀನು ಪಕ್ಕದಾಗೆ ಕೂತಿದ್ದೆಯಲ್ಲಪ್ಪ” ಎಂದಳು. ಒಬ್ಬಳ ಮೂರು ರಾತ್ರಿಗಳಿಂದ ಶಾಸ್ತ್ರಸಿದ್ಧಾಂತ ಮಾಡಲಾಗದು, ನಿಜ. ಆದರೆ ಗುಣ ಕಂಡಿತೆಂದ ಮಾತ್ರಕ್ಕೆ ಅದರ ಕಾರಣವೂ ತಿಳಿಯಿತೆಂದು ಭಾವಿಸಬಾರದೆಂಬುದು ನನಗೆ ಅಂದು ಮನದಟ್ಟಾಯಿತು. ಅದಕ್ಕಾಗಿಯೇ ಸಂಶೋಧಕರು ಮಿಡಿತವಿರುವ ಧ್ವನಿಯನ್ನು ಕೆಲವರಿಗೂ, ಮಿಡಿತವಿಲ್ಲದ್ದನ್ನು ಕೆಲವರಿಗೂ ಕೇಳಿಸಿ ಹೋಲಿಸುವುದು.

ಮರುವಾರ ಅವ್ವನನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದೆನು. ಕಿವಿಯ ತಮಟೆಯಲ್ಲಿ ತೂತಾಗಿದೆ, ನೀರು ತಾಗಿಸಬಾರದು, ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು ಎಂದರು ಡಾಕ್ಟರು. ನನ್ನ ಪರೀಕ್ಷೆ ಮುಗಿದ ಕೂಡಲೆ ಅದನ್ನು ಮಾಡಿಸುವುದೆಂದು ನಿಶ್ಚಯಿಸಿದ್ದೇವೆ.

ಸ್ನೇಹಿತರಿಗೆ ನನ್ನ ಬಿನ್ನಹವಿಷ್ಟೆ. ಈ ಸದ್ದು ಕೇಳಿ ಮನಸ್ಸಿಗೆ ನೆಮ್ಮದಿಯೆನಿಸಿದರೆ ಕೇಳಿರಿ, ಬೇಡವೆನ್ನುವವನು ನಾನಲ್ಲ. ಆದರೆ ಸದ್ದನ್ನು ಮಿತಿಯಲ್ಲಿಡಿ. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಿದೆ. ಬಹುದಿನ ನಿದ್ದೆ ಬಾರದಿದ್ದರೆ ವೈದ್ಯರಲ್ಲಿಗೆ ಹೋಗಿರಿ, ಆ್ಯಪಿಗಲ್ಲ. ಪುಸ್ತಕದ ಹಾಳೆ ತಿರುವದೆ ಪಾಸು ಮಾಡಿಸುವ ನಾದ ಇನ್ನೂ ಹುಟ್ಟಿಲ್ಲ. ನಾನು ಚಂದಾವನ್ನು ಮುಂದುವರಿಸಲಿಲ್ಲ. ಆದರೆ ಆ ಮುನ್ನೂರು ರೂಪಾಯಿ ದಂಡವಾಯಿತೆಂದೂ ಹೇಳಲಾರೆ. ಅದು ನನಗೆ ಏಕಾಗ್ರತೆಯನ್ನು ಕೊಡದಿದ್ದರೂ ಅವ್ವನ ಕಿವಿಯನ್ನು ತೋರಿಸಿಕೊಟ್ಟಿತು.