ಗುಂಯ್ ಸದ್ದು ಎಲ್ಲಿಂದ ಬರುತ್ತದೆ?

ಹೆಡ್‌ಫೋನ್ ಆಂಪ್ಲಿಫೈಯರ್ ತಂದು ಜೋಡಿಸಿದ ದಿನ ಹಾಡಿಗಿಂತ ಮೊದಲು ಕಿವಿಗೆ ಬೀಳುವುದು ಬಹಳ ಸಲ ಒಂದು ಗುಂಯ್ ಸದ್ದು. ಆಲಾಪದ ನಡುವೆ ಗಾಯಕರು ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ ಅದು ಇನ್ನೂ ನಿಚ್ಚಳ. ಕಲಬುರಗಿಯಲ್ಲಿ ಇದಕ್ಕೊಂದು ಸಿದ್ಧ ಮದ್ದು ಇದೆ. ‘ಅರ್ಥ್ ಪಿನ್ ತಗದ್ ಬಿಡ್ರಿ ಸರ, ಸದ್ದು ತಾನೇ ನಿಂದರ್ತದ’ ಎನ್ನುವವರು ಯಾವ ಓಣಿಯಲ್ಲಾದರೂ ಸಿಗುತ್ತಾರೆ. ಪಿನ್ ತೆಗೆದರೆ ಸದ್ದು ಎಷ್ಟೋ ಸಲ ನಿಜಕ್ಕೂ ನಿಲ್ಲುತ್ತದೆ. ಮದ್ದು ಇಷ್ಟು ಬಳಕೆಯಲ್ಲಿರುವುದು ಅದಕ್ಕೇ, ಇಷ್ಟು ಅಪಾಯಕಾರಿಯಾಗಿರುವುದೂ ಅದಕ್ಕೇ.

ಪಿನ್ನಿಗೆ ಕೈ ಹಾಕುವ ಮೊದಲು ಸದ್ದಿನ ಸುರ ಹಿಡಿಯಬೇಕು. ಜೆಸ್ಕಾಂ ನಮ್ಮ ಮನೆಗೆ ಕೊಡುವುದು 230 ವೋಲ್ಟ್, 50 ಹರ್ಟ್ಸ್ ಕರೆಂಟು. ಹಾರ್ಮೋನಿಯಂ ಬಲ್ಲವರು ಹೀಗೆ ಗುರುತಿಸಬಹುದು: ಬಿಳಿ ಐದರ ಸುರ ಸುಮಾರು 196 ಹರ್ಟ್ಸ್, ಒಂದು ಸಪ್ತಕ ಇಳಿದರೆ 98, ಎರಡು ಸಪ್ತಕ ಇಳಿದರೆ 49. ಅಂದರೆ ಕರೆಂಟಿನ ಗುಂಯ್ ಬಿಳಿ ಐದಕ್ಕಿಂತ ಕೂದಲೆಳೆಯಷ್ಟು ಏರಿದ ಮಂದ್ರ ಸುರ. ಭಜನೆಯ ಪೆಟ್ಟಿಗೆ ಇರುವ ಮನೆಯಲ್ಲಿ ಈ ತಪಾಸಣೆಗೆ ಬೇರೆ ಉಪಕರಣ ಬೇಡ. ಸದ್ದು 50ರದೋ 100ರದೋ ಎಂಬುದು ಮುಖ್ಯ, ಯಾಕೆಂದರೆ ಎರಡೂ ಹುಟ್ಟುವ ಜಾಗ ಸಾಮಾನ್ಯವಾಗಿ ಬೇರೆ. ಆಳವಾದ, ಮೆತ್ತನೆಯ 50 ಹರ್ಟ್ಸ್ ಸದ್ದು ಹೊರಗಿನ ವೈರುಗಳಿಂದ, ಅರ್ಥಿಂಗ್ ಜೋಡಣೆಯಿಂದ, ಇಲ್ಲವೇ ಪಕ್ಕದಲ್ಲಿಟ್ಟ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದ ಬರುತ್ತದೆ. ತುಸು ಗಡುಸಾದ 100 ಹರ್ಟ್ಸ್ ಸದ್ದು ಆಂಪ್ಲಿಫೈಯರಿನ ಒಳಗಿನ ಪವರ್ ಸಪ್ಲೈಯಿಂದ ಬರುತ್ತದೆ. ಅಲ್ಲಿ ಎಸಿಯ ಎರಡೂ ಅರ್ಧ ಅಲೆಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಕೆಪಾಸಿಟರಿಗೆ ತುಂಬುವುದರಿಂದ ಸೆಕೆಂಡಿಗೆ ನೂರು ಏರಿಳಿತ.

ಒಂದು ಸರಳ ಪರೀಕ್ಷೆ ಇದೆ. ಆಂಪ್ಲಿಫೈಯರಿಗೆ ಬರುವ ಇನ್‌ಪುಟ್ ವೈರ್ ಬಿಚ್ಚಿ. ಸದ್ದು ಉಳಿದರೆ ದೋಷ ಡಬ್ಬದ ಒಳಗೆ ಅಥವಾ ಅದರ ಅಡಾಪ್ಟರಿನಲ್ಲಿ. ಸದ್ದು ಹೋದರೆ ವೈರಿನ ಆಚೆ ತುದಿಯಲ್ಲಿ. ವೈರನ್ನು ಮತ್ತೆ ಜೋಡಿಸಿ, ಲ್ಯಾಪ್‌ಟಾಪಿನ ಚಾರ್ಜರ್ ಮಾತ್ರ ತೆಗೆದು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಈಗ ಸದ್ದು ನಿಂತರೆ ಅದು ಅರ್ಥ್ ಲೂಪ್. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಒಂದು ಗೋಡೆಯಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯಲ್ಲಿ. ಎರಡಕ್ಕೂ ಅರ್ಥ್ ಇದೆ, ನಡುವೆ ಆಡಿಯೋ ವೈರಿನ ಹೊರಕವಚವೂ ಎರಡನ್ನೂ ಬೆಸೆದಿದೆ. ಹೀಗೆ ಒಂದು ದೊಡ್ಡ ಉಂಗುರ ಆಗುತ್ತದೆ. ಎರಡು ಸಾಕೆಟ್‌ಗಳ ಅರ್ಥ್ ನಡುವೆ ಕೆಲವೇ ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಆ ಕವಚದಲ್ಲಿ 50 ಹರ್ಟ್ಸ್ ಕರೆಂಟು ಹರಿಯುತ್ತದೆ, ಆಂಪ್ಲಿಫೈಯರ್ ಅದನ್ನೂ ಹಾಡೆಂದೇ ತಿಳಿದು ಹಿಗ್ಗಿಸುತ್ತದೆ.

ಅರ್ಥ್ ಪಿನ್ ಕಿತ್ತರೆ ಉಂಗುರ ತುಂಡಾಗುತ್ತದೆ ನಿಜ. ಆದರೆ ಉಂಗುರ ಒಡೆಯಲು ಬೇರೆ ದಾರಿಗಳಿವೆ. ಎರಡೂ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದು ಮೊದಲನೆಯದು, ಎಷ್ಟೋ ಸಲ ಅಷ್ಟೇ ಸಾಕು. ಆಡಿಯೋ ವೈರ್ ಗಿಡ್ಡ ಮಾಡಿ. ಅದಕ್ಕೂ ಬಗ್ಗದಿದ್ದರೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಎಂಬ ಪುಟ್ಟ ಡಬ್ಬ ಸಿಗುತ್ತದೆ. ಅದರೊಳಗೆ ಸದ್ದು ಕಾಂತಕ್ಷೇತ್ರವಾಗಿ ದಾಟುತ್ತದೆ, ತಾಮ್ರದ ಕೊಂಡಿ ಇರುವುದಿಲ್ಲ. ಡಿಜಿಟಲ್ ಇನ್‌ಪುಟ್ ಇರುವ ಉಪಕರಣವಾದರೆ ಆಪ್ಟಿಕಲ್ ಕೇಬಲ್ ಇನ್ನೂ ಒಳ್ಳೆಯದು, ಬೆಳಕಿಗೆ ಅರ್ಥಿಂಗ್ ಇಲ್ಲ.

ಪಿನ್ ಯಾಕೆ ಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮೂರು ಪಿನ್ನುಗಳಲ್ಲಿ ಅರ್ಥ್ ಪಿನ್ ಉದ್ದ, ದಪ್ಪ. ಉದ್ದ ಇರುವುದರಿಂದ ಪ್ಲಗ್ ಹಾಕುವಾಗ ಅದೇ ಮೊದಲು ತಾಗುತ್ತದೆ, ಕೀಳುವಾಗ ಅದೇ ಕಡೆಗೆ ಬಿಡುತ್ತದೆ. ಡಬ್ಬದೊಳಗೆ ಫೇಸ್ ವೈರ್ ಕಳಚಿ ಲೋಹದ ಕವಚಕ್ಕೆ ತಾಗಿದರೆ ಕರೆಂಟು ಆ ದಾರಿಯಲ್ಲಿ ನೆಲಕ್ಕಿಳಿಯಬೇಕು. ಪಿನ್ ಕಿತ್ತಿದ್ದರೆ ಅದು ಹೆಡ್‌ಫೋನ್ ವೈರಿನ ಮೂಲಕ ತಲೆಗೆ ಬರುತ್ತದೆ. ಬೆವರಿದ ಕಿವಿ, ಬರಿಗಾಲು, ಶಹಾಬಾದ್ ಕಲ್ಲಿನ ತಂಪು ನೆಲ: ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಇನ್ನೊಂದು ಮಾತು ಕಲಬುರಗಿಯ ಮಣ್ಣಿಗೇ ಸೇರಿದ್ದು. ಇಲ್ಲಿನ ಎರೆ ಮಣ್ಣು ಮಳೆಗಾಲದಲ್ಲಿ ಒಳ್ಳೆಯ ವಾಹಕ. ಏಪ್ರಿಲ್, ಮೇ ಹೊತ್ತಿಗೆ ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಬಿರುಕು ಅರ್ಥ್ ರಾಡಿನ ಸುತ್ತಲೇ ಬಿಟ್ಟರೆ ರಾಡು ಗಾಳಿಯಲ್ಲಿ ನಿಂತಂತೆ. ಅರ್ಥಿಂಗ್ ರೋಧ 23 ಓಮ್ ಆಗಿದೆ ಎಂದುಕೊಳ್ಳಿ. ಫೇಸ್ ಕವಚಕ್ಕೆ ತಾಗಿದರೂ ಹರಿಯುವುದು 230 ಭಾಗಿಸು 23, ಅಂದರೆ 10 ಆಂಪಿಯರ್. ಮನೆಯ 16 ಆಂಪಿಯರ್ ಎಂಸಿಬಿ ಇದನ್ನು ಕಂಡೂ ಕಾಣದಂತೆ ಕೂರುತ್ತದೆ, ಕವಚ ಜೀವಂತವಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವ ಹಳೆಯ ರೂಢಿಗೆ ಕಾರಣ ಇದು. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದು ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ತೂಗಿ, ವ್ಯತ್ಯಾಸ ಕಂಡ ಕ್ಷಣದಲ್ಲಿ ಕೆಡವುತ್ತದೆ. ನನ್ನ ಮಟ್ಟಿಗೆ ಆಂಪ್ಲಿಫೈಯರಿಗೆ ಮಾಡುವ ಖರ್ಚಿಗಿಂತ ಮೊದಲು ಮಾಡಬೇಕಾದ ಖರ್ಚು ಇದು. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230 ತೋರಿಸಿತೆಂದು ಸಮಾಧಾನಪಡಬೇಡಿ. ವೈರ್ ಇದೆ ಎಂದಷ್ಟೇ ಮೀಟರ್ ಹೇಳುತ್ತದೆ. ಅದು ಎಷ್ಟು ಕರೆಂಟು ಹೊರಬಲ್ಲದು ಎಂಬುದನ್ನು ಎಲೆಕ್ಟ್ರಿಷಿಯನ್ನರ ಅರ್ಥ್ ಟೆಸ್ಟರಿನಿಂದಲೇ ಅಳೆಯಬೇಕು.

ಹಾಗಾದರೆ ಎರಡೇ ಪಿನ್ನಿನ ಚಾರ್ಜರುಗಳು? ಅವಕ್ಕೆ ಇಮ್ಮಡಿ ನಿರೋಧಕ ಹೊದಿಕೆ ಇರುವುದರಿಂದ ಅರ್ಥ್ ಬೇಡ. ಆದರೂ ಹೆಡ್‌ಫೋನಿನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತದಲ್ಲ, ಅದು ಚಾರ್ಜರಿನ ಎರಡು ಬದಿಗಳ ನಡುವೆ ಕೂತ ವೈ-ಕೆಪಾಸಿಟರ್ ಎಂಬ ಚಿಕ್ಕ ಬಿಲ್ಲೆಯ ಕೆಲಸ. ಅದರ ಮೂಲಕ ಸೋರುವ ಕರೆಂಟು ಒಂದು ಮಿಲಿಆಂಪಿಯರಿನ ಕಾಲು ಭಾಗದೊಳಗೆ ಇರಬೇಕೆಂದು ನಿಯಮ. ಒಳ್ಳೆಯ ವೈ-ಕೆಪಾಸಿಟರ್ ಕೆಟ್ಟರೂ ಸಂಪರ್ಕ ಕಡಿದುಕೊಂಡು ಕೆಡುವಂತೆ ಮಾಡಿರುತ್ತಾರೆ. ಹೆಸರಿಲ್ಲದ ಅಗ್ಗದ ಚಾರ್ಜರಿನಲ್ಲಿ ಅದರ ಜಾಗಕ್ಕೆ ಸಾಮಾನ್ಯ ಕೆಪಾಸಿಟರ್ ಇದ್ದು, ಅದು ಶಾರ್ಟ್ ಆದರೆ 230 ವೋಲ್ಟ್ ನೇರ ಜಾಕಿಗೆ ಬರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಡಾಪ್ಟರ್ ಕೊಳ್ಳುವಾಗ ವೋಲ್ಟು ನೋಡುವ ಹಾಗೆ ಬಿಐಎಸ್ ಗುರುತನ್ನೂ ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನೂ ನೋಡಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಬಂದರೆ ಅದೇ ಆಂಪ್ಲಿಫೈಯರಿನ ತಕರಾರು ಬೇರೆಯಾಗುತ್ತದೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಯ ಊರು ಇದು; ಬಾಳೆಗೆ ನೀರು ಬೇಕು, ನೀರಿಗೆ ಪಂಪು ಬೇಕು. ಪಂಪಿನ ಮೋಟಾರು ಶುರುವಾಗುವ ಗಳಿಗೆಯಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಪಂಪು ಇರುವ ಟಿಸಿಯಿಂದಲೇ (ಬೀದಿಯ ಟ್ರಾನ್ಸ್‌ಫಾರ್ಮರ್) ಹೊಲದ ಮನೆಗೂ ಲೈನ್ ಬಂದಿದ್ದರೆ ವೋಲ್ಟೇಜು ಕುಸಿಯುತ್ತದೆ. ಆಂಪ್ಲಿಫೈಯರಿನೊಳಗೆ 12 ವೋಲ್ಟಿನ ರೆಗ್ಯುಲೇಟರ್ ಇದ್ದು, 230 ಇದ್ದಾಗ ಅದಕ್ಕೆ 19 ವೋಲ್ಟ್ ಬರುತ್ತದೆ ಎನ್ನೋಣ. ಲೈನ್ 170ಕ್ಕೆ ಇಳಿದರೆ ಆ 19 ಕೂಡ 14ಕ್ಕೆ ಇಳಿಯುತ್ತದೆ. ರೆಗ್ಯುಲೇಟರಿಗೆ ತನ್ನ ಮೇಲೆ ಇನ್ನೂ ಎರಡು ವೋಲ್ಟಾದರೂ ಬೇಕು. 14 ಎಂದರೆ ಅಂಚು. ನೂರು ಏರಿಳಿತಗಳ ತಗ್ಗುಗಳು ಆ ಅಂಚಿನ ಕೆಳಗೆ ಜಾರಿ ಕಿವಿಗೆ 100 ಹರ್ಟ್ಸ್ ಗುಂಯ್ ಬರುತ್ತದೆ. ಪಂಪು ಓಡುವಾಗ ಮಾತ್ರ ಬಂದು ಆಮೇಲೆ ಮಾಯವಾಗುವ ಸದ್ದಿಗೆ ಆಂಪ್ಲಿಫೈಯರ್ ಬಿಚ್ಚಿ ಫಲವಿಲ್ಲ, ಸ್ಟೆಬಿಲೈಸರ್ ಸಾಕು.

ಅದಕ್ಕಿಂತ ದೊಡ್ಡ ಕಂಟಕ ನ್ಯೂಟ್ರಲ್ ಕಡಿದಾಗ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು 400 ವೋಲ್ಟನ್ನು ತಮ್ಮ ನಡುವೆ ಹಂಚಿಕೊಳ್ಳಬೇಕಾಗುತ್ತದೆ. ಕಡಿಮೆ ಲೋಡ್ ಇರುವ ಮನೆಗೇ ಹೆಚ್ಚು ವೋಲ್ಟು. ರಾತ್ರಿ ಒಂದು ಎಲ್‌ಇಡಿ, ಒಂದು ಆಂಪ್ಲಿಫೈಯರ್ ಹಚ್ಚಿ ಕೂತವರ ಮನೆ ಅದೇ ಆಗಿರಬಹುದು. ಒಂದು ಬಲ್ಬು ಕಣ್ಣು ಕುಕ್ಕುವಂತೆ ಹೊಳೆದು ಇನ್ನೊಂದು ಮಂಕಾದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಲೈನ್‌ಮನ್ನರಿಗೆ ಫೋನ್ ಮಾಡಿ.

ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಮಾತ್ರ ಸದ್ದು ಬಂದರೆ, ತಲೆ ಎತ್ತಿ ಫ್ಯಾನ್ ಕಡೆ ಕಿವಿ ಕೊಡಿ. ಅದೂ ಗುರುಗುಟ್ಟುತ್ತಿದ್ದರೆ ನಿಮ್ಮದು ಚೌಕ ಅಲೆಯ ಇನ್ವರ್ಟರ್. ಚೌಕ ಅಲೆಯಲ್ಲಿ 50ರ ಜೊತೆ 150, 250, 350 ಹರ್ಟ್ಸ್‌ಗಳೂ ಸೇರಿರುತ್ತವೆ. ದೋಷ ಆಂಪ್ಲಿಫೈಯರಿನದ್ದಲ್ಲ. ಹತ್ತಿರದಲ್ಲಿ ಮೊಬೈಲ್ ಇಟ್ಟಾಗ ಟ್ರ್‌ರ್ ಟ್ರ್‌ರ್ ಎನ್ನುವುದು 2ಜಿ ಫೋನು ಸೆಕೆಂಡಿಗೆ ಸುಮಾರು 217 ಸಲ ಮಿಡಿದು ಸಂಕೇತ ಕಳಿಸುವ ಸದ್ದು. ಫೋನನ್ನು ದೂರ ಇಟ್ಟರೆ ಮುಗಿಯಿತು. ರೇಡಿಯೋ ಇಲ್ಲದ ಡಬ್ಬದಲ್ಲಿ ರೇಡಿಯೋ ಕೇಳುವುದೂ ಉಂಟು. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯಂಥ ಮೀಡಿಯಂ ವೇವ್ ಕೇಂದ್ರದ ಟವರ್ ಸಮೀಪವಿದ್ದರೆ ಉದ್ದನೆಯ ವೈರೇ ಏರಿಯಲ್ ಆಗುತ್ತದೆ, ಇನ್‌ಪುಟ್ಟಿನ ಟ್ರಾನ್ಸಿಸ್ಟರೇ ಡಯೋಡಿನಂತೆ ವರ್ತಿಸಿ ವಾರ್ತೆಯನ್ನು ಬಿಡಿಸಿ ಕೊಡುತ್ತದೆ. ವೈರಿಗೆ ಫೆರೈಟ್ ಮಣಿ ಹಾಕಿದರೆ ನಿಲ್ಲುತ್ತದೆ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಸಾಕು, ಅದೂ ಪ್ಲಗ್ ಕಿತ್ತ ಮೇಲೆ.

ವರ್ಷಗಳ ಬಳಿಕ ನಿಧಾನವಾಗಿ ಹುಟ್ಟಿ ಬೆಳೆಯುವ 100 ಹರ್ಟ್ಸ್ ಸದ್ದಿಗೆ ಬಿಸಿಲೇ ಕಾರಣ ಇರಬಹುದು. ಪವರ್ ಸಪ್ಲೈಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವ ಇರುತ್ತದೆ, ಶಾಖಕ್ಕೆ ಅದು ಆರುತ್ತದೆ. 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ಹೊರಗೆ 43 ಡಿಗ್ರಿ ಇರುವ ಮೇ ತಿಂಗಳಲ್ಲಿ ಆಂಪ್ಲಿಫೈಯರನ್ನು ಪುಸ್ತಕಗಳ ನಡುವೆ ತುರುಕಿಟ್ಟರೆ ಒಳಗೆ 60 ದಾಟುವುದು ಕಷ್ಟವಲ್ಲ. ಸುತ್ತ ಗಾಳಿಯಾಡುವ ಜಾಗ ಬಿಡಿ.

ಹೊಸದಾಗಿ ಕಟ್ಟಿದ, ರಿಪೇರಿಯಾಗಿ ಬಂದ ಆಂಪ್ಲಿಫೈಯರಿಗೆ ನೇರವಾಗಿ ಹೆಡ್‌ಫೋನ್ ಹಾಕಬಾರದು. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು, ಹಾಡು ಇಲ್ಲದಾಗ, ಔಟ್‌ಪುಟ್ ಜಾಕಿನ ಎರಡೂ ಬದಿ ಅಳೆಯಿರಿ. 20 ಮಿಲಿವೋಲ್ಟಿನೊಳಗೆ ಇದ್ದರೆ ಸರಿ. 50 ದಾಟಿದರೆ ಕಾರಣ ಹುಡುಕದೆ ಹೆಡ್‌ಫೋನ್ ಜೋಡಿಸಬೇಡಿ. ಒಂದು ವೋಲ್ಟ್ ಡಿಸಿ 32 ಓಮ್ ಸುರುಳಿಯಲ್ಲಿ 31 ಮಿಲಿವ್ಯಾಟ್ ಶಾಖವನ್ನು ಬಿಡುವಿಲ್ಲದೆ ಸುರಿಯುತ್ತದೆ. ಸದ್ದೇನೂ ಕೇಳುವುದಿಲ್ಲ, ಸುರುಳಿ ಬೇಯುತ್ತದೆ.

ಸ್ವಂತ ಕಟ್ಟುವ ಉಮೇದು ಇರುವವರು ಬ್ಯಾಟರಿಯಿಂದ ಶುರು ಮಾಡುವುದು ಒಳ್ಳೆಯದು. ಚು ಮಾಯ್ ರೂಪಿಸಿದ ‘ಸಿಮಾಯ್’ ಸರ್ಕ್ಯೂಟಿಗೆ ಒಂದು ಆಪ್-ಆಂಪ್ ಚಿಪ್ಪು, 9 ವೋಲ್ಟಿನ ಬ್ಯಾಟರಿ, ಬೆರಳೆಣಿಕೆಯ ಬಿಡಿಭಾಗಗಳು ಸಾಕು. ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಅದನ್ನು ಕೂರಿಸುವುದು ಜಗತ್ತಿನಾದ್ಯಂತ ಹವ್ಯಾಸಿಗಳ ರೂಢಿ. 230 ವೋಲ್ಟಿನ ಸಹವಾಸವೇ ಇಲ್ಲ. ಹಾಗೆಂದು ಎಲ್ಲರಿಗೂ ಆಂಪ್ಲಿಫೈಯರ್ ಬೇಕೇ? 32 ಓಮಿನ ಇಯರ್‌ಫೋನಿಗೆ ಒಂದು ಮಿಲಿವ್ಯಾಟ್ ಕೊಡಲು 0.18 ವೋಲ್ಟ್ ಸಾಕು, ಯಾವ ಮೊಬೈಲಾದರೂ ಕೊಡುತ್ತದೆ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮಿನ ಹೆಡ್‌ಫೋನಿಗೆ ಅಷ್ಟೇ ಶಕ್ತಿ ಕೊಡಲು 0.55 ವೋಲ್ಟ್ ಬೇಕು, ತಬಲಾದ ಪೆಟ್ಟಿಗೆ ಇನ್ನೂ ನಾಲ್ಕೈದು ಪಟ್ಟು. ಅಲ್ಲಿ ಆಂಪ್ಲಿಫೈಯರ್ ಉಪಯೋಗಕ್ಕೆ ಬರುತ್ತದೆ. ಯಾವುದಾದರೂ ಸರಿ, ವಾಲ್ಯೂಮ್ ಸೊನ್ನೆಗೆ ಇಟ್ಟು, ಆಂಪ್ಲಿಫೈಯರ್ ಆನ್ ಮಾಡಿ, ಹೆಡ್‌ಫೋನನ್ನು ಕಿವಿಗೆ ಕಡೆಯಲ್ಲಿ ಹಾಕಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ನಾಲ್ಕೇ ಗಂಟೆ.

ವಾಲ್ವ್ ಇರುವ ಆಂಪ್ಲಿಫೈಯರನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒಳಗೆ 200–300 ವೋಲ್ಟ್ ಡಿಸಿ ಇರಬಹುದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ರಿಪೇರಿ ಅಂಗಡಿಗೆ ಒಯ್ದಾಗ ಅಲ್ಲಿನ ಮೇಜಿನ ಮೇಲೆ ಸೀರೀಸ್ ಬಲ್ಬಿನ ಬೋರ್ಡ್ ಇದೆಯೇ ನೋಡಿ. 60 ವ್ಯಾಟಿನ ಹಳೆಯ ತಂತಿ ಬಲ್ಬಿನ ಮೂಲಕ ಉಪಕರಣಕ್ಕೆ ಕರೆಂಟು ಕೊಟ್ಟಾಗ, ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಹೊತ್ತಿ ತಾನೇ ಕರೆಂಟನ್ನು ತಡೆಯುತ್ತದೆ. ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಹಳೆಯ ಮೆಕ್ಯಾನಿಕ್‌ಗಳು ತಂತಿ ಬಲ್ಬು ಸಿಕ್ಕಲ್ಲಿ ನಾಲ್ಕು ಕೊಂಡು ಇಟ್ಟುಕೊಳ್ಳುವುದು ಅದಕ್ಕೇ.