ತುದಿಯಿರುವ ಡಿಎನ್‌ಎಯನ್ನು ಬ್ಯಾಕ್ಟೀರಿಯಾ ನಕಲು ಮಾಡುವುದು ಹೇಗೆ?

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಾ, ಬ್ಯಾಕ್ಟೀರಿಯಾದ ಡಿಎನ್‌ಎ ಬಳೆಯಂತೆ ವೃತ್ತಾಕಾರ ಎಂದೆ. "ಎಲ್ಲಾ ಬ್ಯಾಕ್ಟೀರಿಯಾದಲ್ಲೂ ಹಾಗೇನಾ ಮಿಸ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಯೋಚಿಸದೆ "ಹೌದು" ಎಂದುಬಿಟ್ಟೆ. ಅದು ತಪ್ಪು ಉತ್ತರ. ಲೈಮ್ ರೋಗ ತರುವ ಬೊರೆಲಿಯಾ ಬರ್ಗ್‌ಡಾರ್ಫೆರಿಯ ವರ್ಣತಂತು ರೇಖೀಯ ಎಂದು 1989ರಲ್ಲೂ, ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್‌ನದೂ ಹಾಗೆಯೇ ಎಂದು 1993ರಲ್ಲೂ ವರದಿಯಾಗಿದೆ.

ತುದಿಯಿದ್ದರೆ ತೊಂದರೆಯೇನು? ಡಿಎನ್‌ಎ ಪಾಲಿಮರೇಸ್ ಹೊಸ ಎಳೆಯನ್ನು ತಾನಾಗಿ ಆರಂಭಿಸಲಾರದು. ಅದಕ್ಕೆ ಆರ್‌ಎನ್‌ಎ ಪ್ರೈಮರ್ ಬೇಕು. ಅದು ಸಾಗುವುದೂ 5′ ಇಂದ 3′ ದಿಕ್ಕಿಗೆ ಮಾತ್ರ. ತುತ್ತತುದಿಯ ಪ್ರೈಮರ್ ತೆಗೆದಾಗ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಬಳೆಯಲ್ಲಾದರೆ ಪಕ್ಕದ ಎಳೆ ಬೆಳೆದು ಅದನ್ನು ತುಂಬುತ್ತದೆ. ರೇಖೀಯ ಡಿಎನ್‌ಎ ಪ್ರತಿ ನಕಲಿನಲ್ಲೂ ಮೊಟಕಾಗಬೇಕಾಗುತ್ತದೆ.

ಸ್ಟ್ರೆಪ್ಟೊಮೈಸಿಸ್‌ನಲ್ಲಿ ನಕಲು ವರ್ಣತಂತುವಿನ ನಡುಭಾಗದಿಂದ ಎರಡೂ ಕಡೆಗೆ ಸಾಗುತ್ತದೆ. ಕೊನೆಯಲ್ಲಿ ಸುಮಾರು 300 ನ್ಯೂಕ್ಲಿಯೊಟೈಡ್‌ಗಳಷ್ಟು ಒಂಟಿ ಎಳೆ ಉಳಿಯುತ್ತದೆ. ಅಲ್ಲಿ ಆರ್‌ಎನ್‌ಎ ಬದಲು ಒಂದು ಪ್ರೋಟೀನೇ ಪ್ರೈಮರ್ ಆಗುತ್ತದೆ. ಈ ತುದಿ ಪ್ರೋಟೀನ್ 5′ ತುದಿಗೆ ಅಂಟಿಕೊಂಡೇ ಉಳಿಯುವುದರಿಂದ ತೆಗೆಯುವ ಮಾತಿಲ್ಲ, ಖಾಲಿ ಜಾಗವೂ ಇಲ್ಲ.

ಬೊರೆಲಿಯಾದ ಉಪಾಯ ಬೇರೆ. ಅಲ್ಲಿ ಎರಡು ಎಳೆಗಳು ತುದಿಯಲ್ಲಿ ಹೇರ್‌ಪಿನ್‌ನಂತೆ ಬಾಗಿ ಒಂದಕ್ಕೊಂದು ಸೇರಿವೆ. ಇದನ್ನು ತರಗತಿಯಲ್ಲಿ ದಾರದಿಂದ ತೋರಿಸಬಹುದು:

1. ಕೆಂಪು ದಾರದ ಎರಡು ಕೊನೆ ಗಂಟು ಹಾಕಿ, ಉದ್ದಕ್ಕೆ ಎಳೆದು ಹಿಡಿಯಿರಿ. ಎರಡು ಎಳೆ, ಮುಚ್ಚಿದ ತುದಿಗಳು: ಇದೇ ಬೊರೆಲಿಯಾದ ಡಿಎನ್‌ಎ.
2. ಅದನ್ನು ಬಿಡಿಸಿ ಉಂಗುರ ಮಾಡಿ, ಪಕ್ಕದಲ್ಲೇ ನೀಲಿ ದಾರದ ಉಂಗುರ ಇಡಿ. ನಕಲು ತುದಿಯನ್ನೂ ಸುತ್ತಿ ಮುಗಿದಿದೆ. ಎರಡು ಪ್ರತಿಗಳು ಒಂದೇ ಬಳೆಯಲ್ಲಿವೆ.
3. ಮೊದಲು ತುದಿಗಳಾಗಿದ್ದ ಎರಡು ಜಾಗಗಳಲ್ಲಿ ಎರಡೂ ದಾರ ಕತ್ತರಿಸಿ. ಪ್ರತಿ ಅರ್ಧದಲ್ಲೂ ಕೆಂಪು ಕೊನೆಯನ್ನು ನೀಲಿ ಕೊನೆಗೆ ಗಂಟು ಹಾಕಿ.

ಜೀವಕೋಶದಲ್ಲಿ ಈ ಕತ್ತರಿಸುವ, ಬೆಸೆಯುವ ಕೆಲಸ ರೆಸ್‌ಟಿ ಎಂಬ ಕಿಣ್ವದ್ದು. ಸಿಕ್ಕ ಎರಡು ಪ್ರತಿಗಳಲ್ಲೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ. ಅರೆಸಂರಕ್ಷಿತ ನಕಲು ಎಂದರೇನೆಂಬುದೂ ಇದರಿಂದ ತಿಳಿಯುತ್ತದೆ.

ಮುಂದಿನ ಅವಧಿಯಲ್ಲಿ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೇ ಪಾಠ ಆರಂಭಿಸಿದೆ. ದಾರ ಹಿಡಿಯಲು ಆ ವಿದ್ಯಾರ್ಥಿನಿಯನ್ನೇ ಕರೆದೆ. ಪಾಠ ಯೋಜನೆಯಲ್ಲಿ ಈಗ "ಸಾಮಾನ್ಯವಾಗಿ ವೃತ್ತಾಕಾರ" ಎಂದು ತಿದ್ದಿದ್ದೇನೆ. ಆ ಒಂದು ಪದ ಮಕ್ಕಳ ಪ್ರಶ್ನೆಗೆ ಜಾಗ ಬಿಡುತ್ತದೆ.